ಕಂಪೈಲರಿನ ಬೆಲೆ, ಭಾಷೆಯ ಹಣೆಬರಹ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಿನ್ನ ವೃತ್ತಿಯ ಬಗ್ಗೆ ಏನಾದರೂ ಬರೆದುಕೊಡು ಎಂದು ಗುರುಗಳು ಕೇಳಿದರು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಕಂಪ್ಯೂಟರ್ ಭಾಷೆಗಳ ಇತಿಹಾಸದ ಒಂದು ಎಳೆಯನ್ನು ಇಲ್ಲಿ ಹೇಳುತ್ತೇನೆ.

ನಾವು ಬರೆದ ಪ್ರೋಗ್ರಾಂ ಯಂತ್ರಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಯಂತ್ರದ ಸಂಕೇತಕ್ಕೆ ಬದಲಾಯಿಸುವ ತಂತ್ರಾಂಶವೇ ಕಂಪೈಲರ್. ಜೋಳವನ್ನು ಹಿಟ್ಟು ಮಾಡುವ ಗಿರಣಿ ಇದ್ದ ಹಾಗೆ. ಜೋಳ ಎಷ್ಟೇ ಒಳ್ಳೆಯದಿರಲಿ, ಬೀಸುವ ಕೂಲಿ ಕೈಗೆಟುಕದಿದ್ದರೆ ರೊಟ್ಟಿಯಾಗದು.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು ಸಿ ಭಾಷೆಯನ್ನು ರೂಪಿಸಿದರು. ಪ್ರಯೋಗಾಲಯದ ಒಡೆಯನಾದ ಎಟಿ ಅಂಡ್ ಟಿ ದೂರವಾಣಿ ಕಂಪನಿಯು 1956ರ ನ್ಯಾಯಾಲಯದ ಒಪ್ಪಂದದಂತೆ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯುನಿಕ್ಸ್ ವ್ಯವಸ್ಥೆಯನ್ನೂ ಅದರ ಜೊತೆಗೆ ಸಿ ಕಂಪೈಲರನ್ನೂ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಕೊಟ್ಟಿತು. ಅಲ್ಲಿ ಕಲಿತವರು ನೌಕರಿಗೆ ಹೋದಲ್ಲೆಲ್ಲ ಸಿ ಭಾಷೆಯನ್ನೂ ಕೊಂಡೊಯ್ದರು.

ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು ಪಾಸ್ಕಲ್ ಭಾಷೆಯನ್ನು ರಚಿಸಿದ್ದು ವಿದ್ಯಾರ್ಥಿಗಳಿಗಾಗಿ. ಆದರೆ ಸಣ್ಣ ಕಂಪ್ಯೂಟರುಗಳಿಗೆ ಪಾಸ್ಕಲ್ ಕಂಪೈಲರ್ ಬೇಕೆಂದರೆ ನೂರಾರು ಡಾಲರ್ ತೆರಬೇಕಿತ್ತು. 1983ರಲ್ಲಿ ಬೋರ್ಲ್ಯಾಂಡ್ ಕಂಪನಿಯು ಡೆನ್ಮಾರ್ಕಿನ ಆಂಡರ್ಸ್ ಹೆಲ್ಸ್‌ಬರ್ಗ್ ಬರೆದ ಟರ್ಬೊ ಪಾಸ್ಕಲ್ ಅನ್ನು 49.95 ಡಾಲರಿಗೆ ಮಾರಿತು. ಮುಂದೆ ಅದರ ಲೈಸೆನ್ಸ್ ಕೂಡ ಸರಳವಾಯಿತು: ಪುಸ್ತಕದಂತೆ ಯಾರು ಬೇಕಾದರೂ ಬಳಸಿ, ಒಂದೇ ಪ್ರತಿಯನ್ನು ಒಂದೇ ಹೊತ್ತಿಗೆ ಇಬ್ಬರು ಬಳಸಬೇಡಿ. ಮನೆಯಲ್ಲೇ ಕಲಿಯುವವರಿಗೂ ಪಾಸ್ಕಲ್ ದಕ್ಕಿತು.

ಅದೇ 1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಏಡಾ ಭಾಷೆಗೆ ರಾಷ್ಟ್ರೀಯ ಮಾನ್ಯತೆ ದೊರೆಯಿತು. ತಪ್ಪುಗಳನ್ನು ಮೊದಲೇ ಹಿಡಿಯುವ ಗಟ್ಟಿ ಭಾಷೆ ಅದು. ಆದರೆ ಅದರ ಕಂಪೈಲರುಗಳಿಗೆ ಸಾವಿರಾರು ಡಾಲರ್ ಬೆಲೆ. ಸೇನೆಯ ಗುತ್ತಿಗೆದಾರರು ಕೊಂಡರು, ವಿದ್ಯಾರ್ಥಿಗಳಿಗೆ ಎಟುಕಲಿಲ್ಲ. 1990ರ ದಶಕದಲ್ಲಿ ವಾಯುಪಡೆಯ ಹಣದಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯವು ಉಚಿತ ಏಡಾ ಕಂಪೈಲರ್ ಸಿದ್ಧಪಡಿಸುವ ಹೊತ್ತಿಗೆ ಸಿ ಮತ್ತು ಸಿ++ ಬೇರು ಬಿಟ್ಟಾಗಿತ್ತು. ಬೆಲೆಯೊಂದೇ ಕಾರಣವೆಂದು ಹೇಳಲಾರೆ. ಏಡಾ ದೊಡ್ಡ ಭಾಷೆ, ಅದಕ್ಕೆ ಕಂಪೈಲರ್ ಕಟ್ಟುವುದೂ ಕಷ್ಟವಿತ್ತು. ಆದರೂ ಕಲಿಯುವವರ ಕೈಗೆ ಸಿಗದ ಭಾಷೆ ಬೆಳೆಯುವುದು ಕಷ್ಟ.

ಅಗ್ಗವಾಗಿರುವುದು ಬೇರೆ, ಮುಕ್ತವಾಗಿರುವುದು ಬೇರೆ. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಜಿಸಿಸಿ ಕಂಪೈಲರನ್ನು ಹೊರತಂದರು. ಅದನ್ನು ನಕಲು ಮಾಡಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯಲು ಬಳಸಿದ್ದು ಇದನ್ನೇ. ದುಡ್ಡಿಲ್ಲದ ವಿದ್ಯಾರ್ಥಿಗೂ ಕಂಪನಿಗಳ ಕೈಯಲ್ಲಿದ್ದಂಥ ಉಪಕರಣ ದೊರೆತದ್ದರ ಫಲ ಅದು.

ನಾನು ಕಾಲೇಜಿನಲ್ಲಿ ಸಿ ಕಲಿತದ್ದು ಟರ್ಬೊ ಸಿ++ನ ನೀಲಿ ಪರದೆಯ ಮುಂದೆ. ಅದು ಹಳೆಯ ಡಾಸ್ ಕಾಲದ್ದು. ಅದರ ಒಳಗನ್ನು ತೆರೆದು ನೋಡಿ ಸುಧಾರಿಸಲು ನಮಗೆ ಹಕ್ಕಿರಲಿಲ್ಲ. ಇಂದು ಜಿಸಿಸಿಯೂ ಪೈಥಾನ್ ಭಾಷೆಯೂ ಬಿಡಿಗಾಸಿಲ್ಲದೆ ಸಿಗುತ್ತವೆ, ಸಾಧಾರಣ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ.

ಆದ್ದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಕಂಪ್ಯೂಟರ್ ದಾನ ಮಾಡುವವರು ವರ್ಷ ವರ್ಷ ಹಣ ಕಟ್ಟಬೇಕಾದ ತಂತ್ರಾಂಶದ ಬದಲು ಮುಕ್ತ ತಂತ್ರಾಂಶವನ್ನು ಹಾಕಿಕೊಡಿ. ಮಕ್ಕಳು ಅದನ್ನು ಪೆನ್ ಡ್ರೈವಿನಲ್ಲಿ ಮನೆಗೂ ಒಯ್ಯಲಿ, ಗೆಳೆಯರಿಗೂ ಕೊಡಲಿ. ಲೈಸೆನ್ಸ್ ಅದಕ್ಕೆ ಅಡ್ಡ ಬರುವುದಿಲ್ಲ.