ಗ್ರಾಫಿಕ್ ವಿನ್ಯಾಸದ ಕಲಿಕೆ

ಗ್ರಾಫಿಕ್ ವಿನ್ಯಾಸವು ಅಕ್ಷರ, ಬಣ್ಣ ಮತ್ತು ಚಿತ್ರಗಳನ್ನು ಜೋಡಿಸಿ ಸಂದೇಶವನ್ನು ತಲುಪಿಸುವ ಕಲೆಯಾಗಿದೆ. ದೃಶ್ಯಕಲಾ ಪದವಿಯಲ್ಲಿ ಇದನ್ನು ಅನ್ವಯಿಕ ಕಲೆಯ ಭಾಗವಾಗಿ ಬೋಧಿಸಲಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನೊಳಗೊಂಡ ದಾವಣಗೆರೆ ಜಿಲ್ಲೆಯಲ್ಲಿ ಈ ಶಿಕ್ಷಣಕ್ಕೆ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಈ ಮಹಾವಿದ್ಯಾಲಯವು 1964ರಲ್ಲಿ ಆರಂಭವಾಯಿತು.

ಬಣ್ಣ

ಪರದೆಯ ಬಣ್ಣಗಳು ಕೆಂಪು, ಹಸಿರು ಮತ್ತು ನೀಲಿ ಬೆಳಕಿನ ಬೆರಕೆಯಿಂದ ಉಂಟಾಗುತ್ತವೆ. ಮುದ್ರಣದಲ್ಲಿ ಸಯಾನ್, ಮೆಜೆಂಟಾ, ಹಳದಿ ಮತ್ತು ಕಪ್ಪು ಶಾಯಿಗಳನ್ನು ಬಳಸಲಾಗುತ್ತದೆ. ಆದ್ದರಿಂದ ಪರದೆಯಲ್ಲಿ ಉಜ್ವಲವಾಗಿ ಕಾಣುವ ಬಣ್ಣವು ಕಾಗದದ ಮೇಲೆ ಮಂಕಾಗಬಹುದು. ಜಾಲತಾಣಗಳ ಸುಗಮ ಓದಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾನದಂಡದಂತೆ, ಸಾಮಾನ್ಯ ಗಾತ್ರದ ಅಕ್ಷರ ಹಾಗೂ ಹಿನ್ನೆಲೆಯ ನಡುವಿನ ಹೊಳಪಿನ ಅನುಪಾತವು ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಇರಬೇಕು. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪಿನ ಅನುಪಾತ ಸುಮಾರು 3.7:1. ಹೀಗಾಗಿ ರಾಜ್ಯೋತ್ಸವದ ಭಿತ್ತಿಪತ್ರದಲ್ಲಿ ಈ ಜೋಡಿ ಶೀರ್ಷಿಕೆಗೆ ಸರಿಹೊಂದುತ್ತದೆ. ಸಣ್ಣ ಅಕ್ಷರಗಳ ವಿವರಗಳಿಗೆ ಕಪ್ಪು ಬಣ್ಣ ಸೂಕ್ತ.

ಅಕ್ಷರವಿನ್ಯಾಸ

ಇಂಗ್ಲಿಷ್ ಪಠ್ಯಗಳಲ್ಲಿರುವ ನಿಯಮಗಳು ಕನ್ನಡಕ್ಕೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವಿಲ್ಲ. ಆದ್ದರಿಂದ ಮುಖ್ಯಾಂಶವನ್ನು ಗಾತ್ರ, ದಪ್ಪ ಅಥವಾ ಬಣ್ಣದಿಂದ ಎತ್ತಿ ತೋರಿಸಬೇಕಾಗುತ್ತದೆ. ‘ರಾಷ್ಟ್ರ’ದಂತಹ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚಿನ ಅಂತರ ಬೇಕು. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಣಿತ ಚಿಹ್ನೆಗೆ ತಾಗುತ್ತದೆ.

ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯಕ್ಕೆ ಬೇರೆ ಫಾಂಟ್ ನೀಡಿದರೆ ಅಕ್ಷರಗಳು ಚಿಹ್ನೆಗಳಾಗಿ ಮಾರ್ಪಡುತ್ತವೆ. ಅಂತರಜಾಲದ ಹುಡುಕಾಟದಲ್ಲಿಯೂ ಅಂತಹ ಪಠ್ಯ ದೊರಕುವುದಿಲ್ಲ. ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನೋಟೊ ಸಾನ್ಸ್ ಕನ್ನಡ ಮತ್ತು ಬಾಲೂ ತಮ್ಮ ಉಚಿತವಾಗಿ ದೊರೆಯುವ ಯುನಿಕೋಡ್ ಫಾಂಟ್‌ಗಳಾಗಿವೆ.