ತಲೆಗೆ ಟೋಪಿ ಹಿಡಿಸಲ್ಲ, ಕಾಲು ಬಾಗುತ್ತೆ: ಏನಿದು ಪ್ಯಾಜೆಟ್ ಮೂಳೆ ರೋಗ?

ಮೂಳೆ ಸುಮ್ನೆ ಕೂರಲ್ಲ. ಹಳೇದನ್ನ ಕರಗಿಸಿ ಹೊಸದು ಕಟ್ಟೋ ಕೆಲಸ ದಿನಾ ನಡೀತಿರುತ್ತೆ. ಪ್ಯಾಜೆಟ್ ರೋಗದಲ್ಲಿ ಕರಗಿಸೋ ಜೀವಕೋಶಗಳು ಅತಿ ಮಾಡುತ್ತವೆ, ಕಟ್ಟೋವು ಆತುರದಲ್ಲಿ ಅಡ್ಡಾದಿಡ್ಡಿ ಕಟ್ಟುತ್ತವೆ. ಮೂಳೆ ದಪ್ಪ ಆಗುತ್ತೆ, ಗಟ್ಟಿ ಆಗಲ್ಲ. ಸೊಂಟ, ಬೆನ್ನು, ತೊಡೆ, ತಲೆಬುರುಡೆಯಲ್ಲಿ ಜಾಸ್ತಿ. 1877ರಲ್ಲಿ ಇದನ್ನು ವಿವರಿಸಿದವರು ಲಂಡನ್ನಿನ ಸರ್ಜನ್ ಜೇಮ್ಸ್ ಪ್ಯಾಜೆಟ್. ಅವರ ರೋಗಿಗೆ ತಲೆ ದೊಡ್ಡದಾಗ್ತಾ ಟೋಪಿ ಅಳತೆನೇ ಬದಲಾಯ್ತಂತೆ.

ಬ್ರಿಟನ್‌ನಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ. ಆದರೂ 50 ದಾಟಿದವರಿಗೆ ಮೂಳೆ ನೋವು ರಾತ್ರಿನೂ ಬಿಡದಿದ್ರೆ, ಕಾಲು ಬಾಗಿದ್ರೆ, ಕಿವಿ ಮಂದ ಆದ್ರೆ, 'ವಯಸ್ಸಾಯ್ತು ಬಿಡಿ' ಅಂತ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ತಳ್ಳಬೇಡಿ. ಎಕ್ಸ್‌ರೇ ಮತ್ತು ರಕ್ತದ ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆ ಮಾಡಿಸಿ. ಝೊಲೆಡ್ರೊನಿಕ್ ಆಸಿಡ್ ಡ್ರಿಪ್ ಒಂದೇ ಸಲಕ್ಕೆ ಹಲವರಿಗೆ ವರ್ಷಗಟ್ಟಲೆ ಹತೋಟಿ ಕೊಡುತ್ತೆ. ಮೊದಲು ಕಿಡ್ನಿ, ಕ್ಯಾಲ್ಸಿಯಂ ಟೆಸ್ಟ್ ಆಗಿರಬೇಕು. ಬಾಗಿದ ಕಾಲು ಮಾತ್ರ ಔಷಧಿಯಿಂದ ನೆಟ್ಟಗಾಗಲ್ಲ.