ತುಂಗಭದ್ರೆಯ ಕಾವಲು: ಒಂದು ಸಂಘದ ಇತಿಹಾಸ

ಆದವಾನಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಯಿಂದ ಆರಂಭಿಸುತ್ತಾರೆ. ವಿಜಯನಗರದ ಅರಸರು, ಬಿಜಾಪುರದ ಸುಲ್ತಾನರು, ಮೊಗಲರು, ನಿಜಾಮರು, 1800ರಲ್ಲಿ ಬಂದ ಕುಂಪಣಿ ಸರಕಾರದವರು, ಇವರೆಲ್ಲರೂ ಒಬ್ಬರ ಹಿಂದೊಬ್ಬರು ಈ ಬೆಟ್ಟವನ್ನು ಹಿಡಿದರು, ಬಿಟ್ಟರು. ಆದರೆ ಈ ಸೀಮೆಯ ಜನಜೀವನವನ್ನು ಅರಸರಿಗಿಂತ ಹೆಚ್ಚಾಗಿ ಆಳಿದುದು ನೀರು. ಮಳೆ ಬಂದ ವರ್ಷ ಎರೆಹೊಲದಲ್ಲಿ ಹತ್ತಿ, ಜೋಳ. ಬಾರದ ವರ್ಷ ಗುಳೆ. 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನೂ, ಆಗ ಅದರೊಳಗೇ ಸೇರಿದ್ದ ಆದವಾನಿ ಆಲೂರು ತಾಲ್ಲೂಕುಗಳನ್ನೂ ಹಿಂಡಿದ ಬಗೆಯನ್ನು ನಮ್ಮ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಬಲ್ಲರು.

1953ನೆಯ ಇಸವಿಯಲ್ಲಿ ನಮ್ಮ ನಾಡಿನ ಪಾಲಿಗೆ ಎರಡು ಸಂಗತಿಗಳು ಒಟ್ಟಿಗೆ ಘಟಿಸಿದವು. ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನ ಹಿಂದೆ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿ, ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಅದರ ಬಹುಭಾಗ ಮೈಸೂರಿಗೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಒಂದು ಸಂಗತಿ ನಮಗೆ ನೀರನ್ನು ಕೊಟ್ಟಿತು, ಇನ್ನೊಂದು ಗೆರೆಯನ್ನು ಎಳೆಯಿತು. ಅಣೆಕಟ್ಟಿನಿಂದ ಹೊರಟ ಬಲದಂಡೆಯ ಕೆಳಮಟ್ಟದ ಕಾಲುವೆಯಾದರೋ ಬಳ್ಳಾರಿ ಸೀಮೆಯನ್ನು ಹಾದು, ಗೆರೆಯನ್ನು ದಾಟಿ, ನಮ್ಮ ಹೊಲಗಳಿಗೆ ಬಂದಿದೆ. ಇತ್ತ ಕೌತಾಳ, ಕೋಸಗಿ, ಮಂತ್ರಾಲಯಗಳ ಮಗ್ಗುಲಲ್ಲಿ ನದಿಯೂ ಅದೇ ಹಳೆಯ ಪಾತ್ರದಲ್ಲಿ ಹರಿಯುತ್ತಿದೆ. ಮೇಲಿನ ದಂಡೆಯಲ್ಲಿ ಆ ನೀರಿಗೆ ಏನಾಗುತ್ತದೆಯೋ ಅದು ನಮ್ಮ ಇತಿಹಾಸವೂ ಹೌದು. ಆದುದರಿಂದಲೇ ಧಾರವಾಡದ ಒಂದು ಸಂಘದ ಕಥೆಯನ್ನು ಆದವಾನಿಯ ಪತ್ರಿಕೆಯಲ್ಲಿ ಹೇಳಲು ನಾವು ಹೊರಟಿದ್ದೇವೆ.

ಆ ಸಂಘದ ಹೆಸರು ಸಮಾಜ ಪರಿವರ್ತನ ಸಮುದಾಯ. ಅದು ಹುಟ್ಟಿದುದು 1984ರಲ್ಲಿ. ಅದರ ಸ್ಥಾಪಕರಾದ ಶ್ರೀ ಎಸ್. ಆರ್. ಹಿರೇಮಠ ಅವರು ಗದಗ ಸೀಮೆಯ ಬೆಳವಣಿಕಿಯವರು. ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿ ಉದ್ಯೋಗದಲ್ಲಿದ್ದು, 1979ರಲ್ಲಿ ಸ್ವದೇಶಕ್ಕೆ ಮರಳಿದರು. ಅಮೆರಿಕದ ಕುಲದಲ್ಲಿ ಹುಟ್ಟಿದ ಅವರ ಪತ್ನಿ ಶ್ಯಾಮಲಾ ಹಿರೇಮಠ ಅವರೂ ಜೊತೆಯಲ್ಲಿ ಬಂದು ಕೆಲಸದಲ್ಲಿ ಸಮಭಾಗಿಗಳಾದರು. ಮೊದಲು ಅವರು ನೆಲೆಸಿ ಗ್ರಾಮಾಭಿವೃದ್ಧಿಯ ಕೆಲಸವನ್ನು ಕೈಗೊಂಡುದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ. ಅದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಹರಿಹರಕ್ಕೆ ಎದುರಾಗಿ ತುಂಗಭದ್ರೆಯ ದಂಡೆಯ ಮೇಲೆ, ಮರದ ತಿರುಳಿನಿಂದ ಕೃತಕ ರೇಷ್ಮೆಗೆ ಬೇಕಾದ ಸಾಮಗ್ರಿಯನ್ನು ತಯಾರಿಸುವ ದೊಡ್ಡ ಕಾರ್ಖಾನೆ 1970ರ ದಶಕದಿಂದ ನಡೆಯುತ್ತಿತ್ತು.

ಕಾರ್ಖಾನೆಯ ಹೊರನೀರು ನದಿಗೆ ಸೇರುತ್ತಿತ್ತು. ಕೆಳಗಿನ ಊರುಗಳವರು ನೀರಿನ ಬಣ್ಣ ಕೆಟ್ಟಿತೆಂದರು, ವಾಸನೆ ಕೆಟ್ಟಿತೆಂದರು. ಮೀನುಗಾರರು ಮೀನು ಸತ್ತು ತೇಲುವುದನ್ನು ಕಂಡರು. ಇಂತಹ ಮಾತುಗಳನ್ನು ಅಧಿಕಾರಿಗಳು ಕೇಳಿ ಸುಮ್ಮನಾಗುವುದು ವಾಡಿಕೆ. ಏಕೆಂದರೆ ಹಳ್ಳಿಯವನ ಮೂಗಿಗೆ ಬಂದ ವಾಸನೆ ಕಡತಕ್ಕೆ ಏರುವುದಿಲ್ಲ. ಸಮುದಾಯದವರು ಮಾಡಿದ ಮೊದಲ ಕೆಲಸ ಅದನ್ನು ಕಡತಕ್ಕೆ ಏರಿಸಿದುದು. ದಂಡೆಯ ಊರುಗಳಲ್ಲಿ ಅಡ್ಡಾಡಿ ಜನರ ಹೇಳಿಕೆಗಳನ್ನು ಬರೆದುಕೊಂಡರು, ನೀರಿನ ಗುಣವನ್ನು ತಜ್ಞರಿಂದ ಪರೀಕ್ಷೆ ಮಾಡಿಸುವ ಪ್ರಶ್ನೆಯನ್ನು ಎತ್ತಿದರು, ತುಂಗಭದ್ರಾ ಪರಿಸರ ಸಮಿತಿಯೊಡನೆ ಸೇರಿ ಮನವಿ, ಮೆರವಣಿಗೆ, ನ್ಯಾಯಾಲಯ ಎಂಬ ಮೂರು ಮಾರ್ಗಗಳಲ್ಲಿಯೂ ನಡೆದರು. ನದಿ ಒಂದು ದಿನದಲ್ಲಿ ತಿಳಿಯಾಗಲಿಲ್ಲ. ಹೋರಾಟ ವರ್ಷಗಟ್ಟಲೆ ಎಳೆಯಿತು. ಆದರೆ ಕಾರ್ಖಾನೆಯ ಹೊರನೀರು ಕಾರ್ಖಾನೆಯ ಸ್ವಂತ ವಿಷಯವೆಂಬ ಹಳೆಯ ಭಾವನೆ ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಆ ನೀರು ಹೊಸಪೇಟೆಯ ಜಲಾಶಯಕ್ಕೇ ಬರುತ್ತಿತ್ತೆಂಬುದನ್ನು, ಜಲಾಶಯದ ನೀರನ್ನು ನಾವೂ ಉಣ್ಣುತ್ತಿದ್ದೆವೆಂಬುದನ್ನು ವಾಚಕರು ನೆನೆಯಬೇಕು.

ನೀರಿನ ಹಿಂದೆಯೇ ನೆಲದ ಪ್ರಶ್ನೆ ಬಂದಿತು. ಕಾರ್ಖಾನೆಗೆ ಮರ ಬೇಕು. ಮರಕ್ಕೆ ಭೂಮಿ ಬೇಕು. 1984ರಲ್ಲಿ ಸರಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಕಟ್ಟಿದವು. ನಿಗಮದ ಪಾಲು ನೂರಕ್ಕೆ 51, ಕಾರ್ಖಾನೆಯ ಪಾಲು 49. ಮಲೆನಾಡು ಮತ್ತು ಅದರ ಅಂಚಿನ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಎಂದರೆ 74,000 ಎಕರೆಗಳಷ್ಟು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂತಹ ತಿರುಳು ಮರಗಳನ್ನು ಬೆಳೆಸುವುದು ಅದರ ಉದ್ದೇಶ. ಕಾಗದದ ಮೇಲೆ ಆ ನೆಲ ‘ಪಾಳು’. ಊರವರಿಗೆ ಅದು ದನ ಮೇಯುವ ನೆಲ, ಸೌದೆ ಸೊಪ್ಪು ತರುವ ನೆಲ, ಬಡವನಿಗೆ ಪಟ್ಟಾ ಇಲ್ಲದ ಆಸ್ತಿ. ನೀಲಗಿರಿಯ ಎಲೆಯನ್ನು ದನ ಮೂಸುವುದಿಲ್ಲವೆಂಬುದನ್ನು ಬಲ್ಲ ರೈತನಿಗೆ ಈ ಯೋಜನೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಅದರ ಹಿಂದಿನ ವರ್ಷ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಊರವರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಿದ್ದರು. ಆ ‘ಅಪ್ಪಿಕೊ’ ಚಳವಳಿಯು ಇದ್ದ ಮರವನ್ನು ಉಳಿಸಿತು. ಇಲ್ಲಿಯ ಪ್ರಶ್ನೆ ಬೇರೆ: ಯಾವ ಮರವನ್ನು, ಯಾರ ನೆಲದಲ್ಲಿ, ಯಾರಿಗಾಗಿ ನೆಡಬೇಕು? 1986ರ ಡಿಸೆಂಬರಿನಲ್ಲಿ ಸಮುದಾಯವು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿತು. ಡಾ. ಕೋಟ ಶಿವರಾಮ ಕಾರಂತರೂ ಅರ್ಜಿದಾರರಾಗಿ ನಿಂತರು. ಆಗ ಅವರ ವಯಸ್ಸು 84. 1987ರ ಮಾರ್ಚಿಯಲ್ಲಿ ನ್ಯಾಯಾಲಯವು ಇನ್ನಷ್ಟು ಭೂಮಿ ಕಂಪನಿಗೆ ಹೋಗದಂತೆ ತಡೆಯಾಜ್ಞೆಯನ್ನು ನೀಡಿತು.

ತಡೆಯಾಜ್ಞೆ ಬಂದಿತೆಂದು ಸಂಘದವರು ಮನೆಗೆ ಹೋಗಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ನೆರೆದರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೊ–ಹಚ್ಚಿಕೊ’. ನಮ್ಮ ಸೀಮೆಯಂತೆ ಆ ಸೀಮೆಯಲ್ಲಿಯೂ ಗಿಡ ಹಚ್ಚುವುದೆಂದರೆ ನೆಡುವುದು. ಅಹಿಂಸೆಯ ಪ್ರತಿಜ್ಞೆಯೊಡನೆ ಕಂಪನಿಯ ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತರು; ಅವುಗಳ ಜಾಗದಲ್ಲಿ ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಪೋಲೀಸರು ಬಂಧಿಸಿದರೆ ಬಂಧನಕ್ಕೆ ಒಳಗಾದರು. ಕೀಳುವುದು ಸುಲಭ, ಕಿತ್ತ ಕೈಯೇ ನೆಟ್ಟುದು ಈ ಸತ್ಯಾಗ್ರಹದ ವಿಶೇಷ. ವಿವಾದವು ಇನ್ನೂ ನಾಲ್ಕು ವರ್ಷ ನಡೆದು, 1991ರಲ್ಲಿ ಸರಕಾರವು ಕಂಪನಿಯನ್ನು ಮುಚ್ಚುವ ನಿರ್ಧಾರಕ್ಕೆ ಬಂದಿತು.

ಇಲ್ಲಿ ನಾವು ತುಸು ನಿಂತು, ಇಂತಹ ಸಂಘದ ಧುರೀಣತ್ವದ ಸ್ವರೂಪವನ್ನು ವಿಚಾರಿಸುವುದು ಉಚಿತ. ಧುರೀಣನೆಂದರೆ ವೇದಿಕೆಯ ಮೇಲೆ ಗುಡುಗುವವನೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಮೇಲಿನ ವೃತ್ತಾಂತದಲ್ಲಿ ಗುಡುಗಿಗಿಂತ ಹೆಚ್ಚಾಗಿ ಕಾಣುವುದು ಲೆಕ್ಕ. ಎಷ್ಟು ನೆಲ, ಯಾವ ಆದೇಶ, ಯಾವ ತಾರೀಖು, ಯಾರ ಸಹಿ, ಇವನ್ನು ಹುಡುಕಿ ಜೋಡಿಸುವ ತಾಳ್ಮೆಯೇ ಆ ಸಂಘದ ಮೂಲಧನ. ಎರಡನೆಯದಾಗಿ, ಅದರ ಮುಂದಾಳುಗಳು ಹೊಲವನ್ನೂ ಬಿಡಲಿಲ್ಲ, ನ್ಯಾಯಾಲಯವನ್ನೂ ಬಿಡಲಿಲ್ಲ. ಹೊಲದ ಜನರಿಲ್ಲದೆ ನ್ಯಾಯಾಲಯಕ್ಕೆ ಹೋದ ಅರ್ಜಿ ಒಣ ಕಾಗದ. ನ್ಯಾಯಾಲಯವಿಲ್ಲದ ಹೊಲದ ಕೂಗು ಗಾಳಿಗೆ ಹೋದ ಮಾತು. ಮೂರನೆಯದಾಗಿ, ಕಾಲ. 1984ರಲ್ಲಿ ಆರಂಭವಾದ ಒಂದು ಕಾರ್ಯ 1991ಕ್ಕೆ ಫಲಿಸಿತು. ಆ ವರ್ಷ ಒಂದನೆಯ ತರಗತಿಗೆ ಸೇರಿದ ಬಾಲಕನು ಅಷ್ಟರಲ್ಲಿ ಪ್ರೌಢಶಾಲೆಗೆ ಬಂದಿರುತ್ತಾನೆ.

ಈ ಗುಣಗಳ ನಿಜವಾದ ಪರೀಕ್ಷೆ ನಡೆದುದು ನಮ್ಮ ನೆರೆಯಲ್ಲಿಯೇ. ಬಳ್ಳಾರಿ ಸಂಡೂರುಗಳ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದು ಬಹುಕಾಲದಿಂದ ತಿಳಿದ ವಿಷಯ. ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಬೆಟ್ಟಗಳ ಮೇಲೆ ಯಂತ್ರಗಳು ಏರಿದವು. ಹಗಲಿರುಳು ಲಾರಿಗಳ ಸಾಲು. ದಾರಿಬದಿಯ ಪೈರಿನ ಮೇಲೆ ಕೆಂಪು ಧೂಳು. ಬಳ್ಳಾರಿಯ ಕಾದಿಟ್ಟ ಅರಣ್ಯವೂ ಅನಂತಪುರ ಜಿಲ್ಲೆಯ ಓಬಳಾಪುರವೂ ಕೂಡುವಲ್ಲಿ ಎರಡು ರಾಜ್ಯಗಳ ಗಡಿ ಹಾದಿದೆ. ಅಲ್ಲಿ ಅಗೆತ ಎಷ್ಟು ಮುಂದುವರಿಯಿತೆಂದರೆ ಗಡಿಯ ಗುರುತುಗಳೇ ಅಳಿದು, ಗೆರೆ ಯಾವುದೆಂಬುದೇ ವಿವಾದವಾಯಿತು. 1953ರಲ್ಲಿ ಒಂದು ಜಿಲ್ಲೆಯನ್ನು ಸೀಳಿದ ಗೆರೆ, ಐದು ದಶಕಗಳ ತರುವಾಯ, ಅದಿರಿನ ಆಸೆಯ ಮುಂದೆ ಬೆಟ್ಟದ ಮೇಲೆ ಕಾಣದಾಯಿತು.

2009ರಲ್ಲಿ ಸಮಾಜ ಪರಿವರ್ತನ ಸಮುದಾಯವು ಮತ್ತೆ ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಕರ್ನಾಟಕದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಅದೇ ತಿಂಗಳ 29ರಂದು, ನ್ಯಾಯಾಲಯವೇ ನೇಮಿಸಿದ್ದ ಕೇಂದ್ರ ಸಮಿತಿಯ ವಿಚಾರಣೆಯ ಆಧಾರದ ಮೇಲೆ, ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಅಗೆಯುವುದನ್ನು ನಿಲ್ಲಿಸುವಂತೆ ಆಜ್ಞೆಯಾಯಿತು. ಆಗಸ್ಟ್ 26ರಂದು ಅದು ಚಿತ್ರದುರ್ಗ ತುಮಕೂರುಗಳಿಗೂ ವಿಸ್ತರಿಸಿತು. 166 ಗಣಿಗಳನ್ನು ಅವುಗಳ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಂತೆ ಕಡೆಯ ವರ್ಗದ 49 ಗಣಿಗಳ ಗುತ್ತಿಗೆ ರದ್ದಾಯಿತು; ಗಡಿಯ ಮೇಲಿನ ಏಳು ಗಣಿಗಳು ಗಡಿ ನಿರ್ಣಯವಾಗುವವರೆಗೆ ಮುಚ್ಚಿರಬೇಕಾಯಿತು; ಮೂರು ಜಿಲ್ಲೆಗಳಿಂದ ವರ್ಷಕ್ಕೆ ಮೂರು ಕೋಟಿ ಟನ್ನಿಗಿಂತ ಹೆಚ್ಚು ಅದಿರನ್ನು ತೆಗೆಯಬಾರದೆಂಬ ಮಿತಿ ಉಂಟಾಯಿತು. ಕಾಲಕ್ರಮದಲ್ಲಿ ಈ ಮಿತಿ ಸಡಿಲಗೊಂಡು, 2022ರಲ್ಲಿ ಐದು ಕೋಟಿ ಟನ್ನಿಗೆ ಏರಿದೆ. ಗೆದ್ದ ವ್ಯಾಜ್ಯವನ್ನೂ ಕಾಯಬೇಕಾಗುತ್ತದೆಂಬುದಕ್ಕೆ ಇದು ನಿದರ್ಶನ.

ಇತಿಹಾಸವನ್ನು ಬರೆಯುವವರು ಒಂದು ಕಡೆಯ ಮಾತನ್ನೇ ಆಡಬಾರದು. 2011ರ ಆಜ್ಞೆಯಿಂದ ಗಣಿಯ ಕೂಲಿಗಳು, ಲಾರಿಯ ಚಾಲಕರು, ಸಾಲ ಮಾಡಿ ಲಾರಿ ಕೊಂಡವರು ಒಂದೇ ದಿನದಲ್ಲಿ ಕೆಲಸವಿಲ್ಲದವರಾದರು. ಬೆಟ್ಟವನ್ನು ಲೂಟಿ ಮಾಡಿದುದು ಅವರಲ್ಲ; ಆದರೆ ಮೊದಲ ದಂಡವನ್ನು ತೆತ್ತವರಲ್ಲಿ ಅವರೂ ಇದ್ದರು. ನಿಸರ್ಗರಕ್ಷಣೆಯ ಸಂಘವನ್ನು ನಡೆಸುವವರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇಲ್ಲ. ನ್ಯಾಯಾಲಯವು ಗಣಿಗಳಿಂದ ವಸೂಲಾದ ಹಣವನ್ನು ಆ ಸೀಮೆಯ ಜನರ, ಬೆಟ್ಟಗಳ ಪುನರುದ್ಧಾರಕ್ಕೇ ವಿನಿಯೋಗಿಸಬೇಕೆಂದು ವಿಧಿಸಿದುದು ಇದಕ್ಕೆ ಒಂದು ಉತ್ತರ. ಅದಕ್ಕಾಗಿ 2014ರಲ್ಲಿ ಒಂದು ನಿಗಮವೂ ಸ್ಥಾಪಿತವಾಯಿತು. ಆ ಹಣ ಕೂಲಿಯವನ ಮನೆಯನ್ನು ಎಷ್ಟರಮಟ್ಟಿಗೆ ಮುಟ್ಟುವುದೋ ಅಷ್ಟರಮಟ್ಟಿಗೆ ಮಾತ್ರ ಆ ಉತ್ತರ ನಿಜ.

ಇನ್ನು ನಮ್ಮ ವಿಚಾರ. ತುಂಗಭದ್ರಾ ಜಲಾಶಯವು ಆದಿಯಲ್ಲಿ ಸುಮಾರು 133 ಶತಕೋಟಿ ಘನ ಅಡಿಗಳಷ್ಟು ನೀರನ್ನು ಹಿಡಿಯುತ್ತಿತ್ತು. ಮೇಲಿನ ನಾಡಿನಿಂದ ಕೊಚ್ಚಿ ಬಂದ ಹೂಳು ತುಂಬಿ, ಈಗ ಅದು ಹಿಡಿಯಬಲ್ಲುದು ಸುಮಾರು 105. ಎಂದರೆ ಐದು ಕೊಡ ನೀರಿನಲ್ಲಿ ಒಂದು ಕೊಡದಷ್ಟು ಜಾಗವನ್ನು ಮಣ್ಣು ಆಕ್ರಮಿಸಿದೆ. ಹೂಳು ಹುಟ್ಟುವುದು ಕಾಡು ಬೋಳಾದ ಇಳಿಜಾರುಗಳಲ್ಲಿ. ಅದರ ಫಲವನ್ನು ಉಣ್ಣುವುದು ಕಾಲುವೆಯ ಕೊನೆಯ ತೂಬಿನಲ್ಲಿ. ಕಾಲುವೆಯ ಕೊನೆಯಲ್ಲಿರುವವರು ನಾವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹೊಸಪೇಟೆಯಷ್ಟೇ ಆತಂಕ ಆದವಾನಿಯ ಹಳ್ಳಿಗಳಿಗೂ ತಟ್ಟಲು ಕಾರಣವಿತ್ತು.

ಸಂವಿಧಾನಕ್ಕೆ 1976ರಲ್ಲಿ ಆದ ತಿದ್ದುಪಡಿಯಂತೆ, ಅರಣ್ಯ, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಈ ವಾಕ್ಯವನ್ನು ಉಪಾಧ್ಯಾಯರು ಬರೆಯಿಸುತ್ತಾರೆ, ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ವಾಕ್ಯ ಹೊಲದಲ್ಲಿ ಹೇಗೆ ನಡೆದೀತೆಂಬುದಕ್ಕೆ ಕುಸನೂರು ಒಂದು ಪಾಠ. ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಒಂದು ಅನುಕೂಲವಿದೆ. ನದಿಯ ಮೇಲಿನ ದಂಡೆಯವರ ಬರೆಹವನ್ನೂ ಅವರು ಓದಬಲ್ಲರು, ಕರ್ನೂಲಿನ ಕಚೇರಿಯ ತೆಲುಗು ಆದೇಶವನ್ನೂ ಓದಬಲ್ಲರು. ಎರಡು ರಾಜ್ಯಗಳ ಕಡತಗಳನ್ನು ಒಟ್ಟಿಗೆ ಬಿಡಿಸಿ ಓದಬಲ್ಲವರು ಈ ಸೀಮೆಯಲ್ಲಿ ಅವರಂತೆ ಇನ್ನಾರು? ಗಡಿಯಲ್ಲಿ ಹುಟ್ಟಿದುದನ್ನು ನಮ್ಮ ಕೊರತೆಯೆಂದು ಎಣಿಸುವ ವಾಡಿಕೆಯಿದೆ. ನದಿಯನ್ನು ಕಾಯುವ ಕೆಲಸಕ್ಕೆ ಅದೇ ಅರ್ಹತೆ.

ಊರ ಕೆರೆಯ ವಿಸ್ತೀರ್ಣ ಹಳೆಯ ದಾಖಲೆಯಲ್ಲಿ ಎಷ್ಟಿತ್ತು, ಈಗ ಎಷ್ಟಿದೆ; ಕಾಲುವೆಯ ನೀರು ಯಾವ ದಿನ ಬಂದಿತು, ಯಾವ ದಿನ ನಿಂದಿತು; ಗೋಮಾಳ ಯಾರ ಹೆಸರಿಗೆ ಹೋಯಿತು, ಇಷ್ಟನ್ನು ಒಂದು ಶಾಲೆಯ ಮಕ್ಕಳು ಒಂದು ಪುಸ್ತಕದಲ್ಲಿ ವರ್ಷವರ್ಷವೂ ಬರೆದಿಟ್ಟರೆ ಸಾಕು. ಮುಂದೊಂದು ದಿನ ಯಾವನೋ ನ್ಯಾಯಾಧೀಶನು ಸಾಕ್ಷಿಯನ್ನು ಕೇಳಿದಾಗ, ಆ ಪುಸ್ತಕ ಮಾತನಾಡುತ್ತದೆ.